ಗಣಪತಿಯ ಜೊತೆ ಹೋದ ಕಾರಿನ ಕೀ

ವಾದದಲ್ಲಿ ಗೆಲ್ಲುವುದು ಕಾಫಿಯ ಹಾಗೆ ಒಂದು ಚಟ. ಬೆಳಿಗ್ಗೆ ಒಂದಾದರೂ ಆಗದಿದ್ದರೆ ತಲೆನೋವು ಶುರುವಾಗುತ್ತದೆ. ಮೈಸೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ವಿರೋಧ ಪಕ್ಷಕ್ಕೇ ಹೆಸರುವಾಸಿಯಾಗಿದ್ದೆ. ವಿಷಯ ಏನೆಂದು ಕೇಳುವ ಮೊದಲೇ ಅದನ್ನು ವಿರೋಧಿಸಲು ಎದ್ದು ನಿಂತಿರುತ್ತಿದ್ದೆ. ಆಗ ಗೆದ್ದ ಕಪ್ಪುಗಳಲ್ಲಿ ದೊಡ್ಡದರೊಳಗೆ ಅಮ್ಮ ಈಗ ಸೌಟು, ಜಾಲರಿ ನಿಲ್ಲಿಸಿದ್ದಾಳೆ. ಕಪ್ಪುಗಳು ಅಲ್ಲೇ ಉಳಿದರೂ ಚಟ ನನ್ನ ಜೊತೆ ವಿಮಾನ ಹತ್ತಿ ಅಮೆರಿಕಕ್ಕೆ ಬಂತು. ಮದುವೆಯಾದ ಮೇಲೆ ಗೊತ್ತಾದದ್ದೇನೆಂದರೆ, ಸಂಸಾರದಲ್ಲಿ ಎದುರಾಳಿ ಇರುತ್ತಾಳೆ, ತೀರ್ಪುಗಾರರು ಇರುವುದಿಲ್ಲ. ಹಾಗಾಗಿ ತೀರ್ಪನ್ನೂ ನಾನೇ ಕೊಟ್ಟುಕೊಂಡು, ಗೆಲುವನ್ನೂ ನಾನೇ ಇಟ್ಟುಕೊಂಡು ಬಹಳ ದಿನ ಸುಖವಾಗಿದ್ದೆ.

ನಮ್ಮ ಕಾರಿಗೆ ಒಂದೇ ಕೀ ಇತ್ತು. ಷಾರ್ಲೆಟ್‌ನಲ್ಲಿದ್ದಾಗ, ಊರು ಬಿಡುತ್ತಿದ್ದ ಸಹೋದ್ಯೋಗಿಯೊಬ್ಬನಿಂದ ಆ ಕಾರನ್ನು ಕೊಂಡಿದ್ದೆವು. ಇನ್ನೊಂದು ಕೀ ಎಲ್ಲೋ ಪೆಟ್ಟಿಗೆಯಲ್ಲಿದೆ, ಸಿಕ್ಕಿದ ಕೂಡಲೇ ಕಳಿಸುತ್ತೇನೆ ಎಂದವನು ಇನ್ನೂ ಪೆಟ್ಟಿಗೆ ಬಿಚ್ಚುತ್ತಲೇ ಇದ್ದಾನೆ. ನನ್ನ ಹೆಂಡತಿ ವಿದ್ಯಾ ಮೊದಲ ವಾರವೇ, “ಇನ್ನೊಂದು ಮಾಡಿಸಿಟ್ಕೊಳ್ಳೋಣ ಕಣೋ” ಎಂದಳು. ನಾನು ವಿರೋಧಿಸಿದೆ. ಎರಡು ಕೀ ಇದ್ದರೆ ಮನುಷ್ಯನಿಗೆ ಒಂದನ್ನು ಕಳೆಯುವ ಧೈರ್ಯ ಬರುತ್ತದೆ. ಒಂದೇ ಇದ್ದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾನೆ. ಆದ್ದರಿಂದ ಎರಡಕ್ಕಿಂತ ಒಂದೇ ಹೆಚ್ಚು ಭದ್ರ. “ಹಾಗಾದ್ರೆ ನಿಂಗೆ ಎರಡು ಕಿಡ್ನಿ ಯಾಕಿದೆ?” ಎಂದು ವಿದ್ಯಾ ಕೇಳಿದಳು. ಅದು ವಿಷಯಾಂತರ ಎಂದು ಹೇಳಿ ಗೆದ್ದೆ.

ಅದೇ ವಾರ ಇನ್ನೊಂದು ವಾದದಲ್ಲಿ ಮಾತ್ರ ಸೋತೆ. ಹೊಸದಾಗಿ ಬಂದ ಕಾರಿಗೆ ಪೂಜೆ ಆಗಲೇಬೇಕೆಂದು ಅಮ್ಮ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದಳು. ಲೋಹ, ರಬ್ಬರು, ಪೆಟ್ರೋಲುಗಳಿಗೆ ಅರಿಶಿನ ಕುಂಕುಮದ ಬಗ್ಗೆ ಯಾವ ಅಭಿಪ್ರಾಯವೂ ಇರುವುದಿಲ್ಲ ಎಂದು ನಾನು ವಿವರಿಸಿದೆ. ಚಕ್ರದಡಿ ಇಡಲು ವಿದ್ಯಾ ತಂದಿದ್ದ ದಪ್ಪ ಹಳದಿ ಹಣ್ಣು ನಮ್ಮ ಶಾಸ್ತ್ರದ ನಿಂಬೆಹಣ್ಣೇ ಅಲ್ಲ ಎಂಬ ತಾಂತ್ರಿಕ ಆಕ್ಷೇಪವನ್ನೂ ಎತ್ತಿದೆ. “ಯಾವ್ದೋ ಒಂದು ಹುಳಿ ಹಣ್ಣು, ಹತ್ತಿಸೋ ಸುಮ್ನೆ” ಎಂದಳು ಅಮ್ಮ. ಹತ್ತಿಸಿದೆ. ವಿದ್ಯಾ ಕಾರಿನ ಹಿಂಬದಿಯಲ್ಲಿ, ನಂಬರ್ ಪ್ಲೇಟಿನ ಮೇಲುಗಡೆ, ಅರಿಶಿನದಲ್ಲಿ ದೊಡ್ಡದೊಂದು ಓಂ ಬರೆದಳು, ಅಂಗಡಿಯ ಸೇವಂತಿಗೆ ಹೂವನ್ನು ದಾರದಲ್ಲಿ ಕಟ್ಟಿ ತೂಗಿದಳು, ದಾರಿಯಲ್ಲಿ ಹೋಗುತ್ತಿದ್ದವರೊಬ್ಬರ ಕೈಗೆ ಫೋನು ಕೊಟ್ಟು ಇಬ್ಬರದೂ ಫೋಟೋ ತೆಗೆಸಿದಳು. ಆ ಅರಿಶಿನ ಬಿಳಿ ಬಣ್ಣಕ್ಕೆ ಎಂಥ ಹಟದಿಂದ ಅಂಟಿಕೊಂಡಿತೆಂದರೆ, ಆಮೇಲೆ ಎಷ್ಟು ಉಜ್ಜಿದರೂ ಓಂಕಾರದ ಬಾಲ ಮಾತ್ರ ಹೋಗಲಿಲ್ಲ.

ಈ ಬೇಸಿಗೆಯಲ್ಲಿ ನನ್ನ ಪ್ರಾಜೆಕ್ಟು ಬದಲಾಗಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಕಡೆ, ನಾರ್‌ಕ್ರಾಸ್‌ಗೆ ಬಂದೆವು. ಕಾರಿನ ನಂಬರ್ ಪ್ಲೇಟು, ನನ್ನ ಲೈಸೆನ್ಸು, ಎರಡರಲ್ಲೂ ಹಳೆಯ ಊರೇ ಇತ್ತು. ಬದಲಿಸಲು ಯಾಕೆ ಅವಸರವಿಲ್ಲ ಎಂಬುದಕ್ಕೂ ನನ್ನ ಹತ್ತಿರ ವಾದವಿತ್ತು. ವಿದ್ಯಾಳಿಗೆ ಮಾತ್ರ ಎಲ್ಲದಕ್ಕೂ ಅವಸರ. ಈ ದೇಶಕ್ಕೆ ಬಂದಾಗಿನಿಂದ ಕೆಲಸ ಮಾಡುವ ಅನುಮತಿಗೆ ಕಾದು ಕಾದು, ಕೊನೆಗೆ ಅದು ಬಂದು, ಆಲ್ಫರೆಟಾದಲ್ಲಿ ಒಂದು ಕೆಲಸವೂ ಸಿಕ್ಕಿತ್ತು. ಸೋಮವಾರ ಸೇರಬೇಕು. ನಮ್ಮ ಮನೆಯಿಂದ ಅಲ್ಲಿಗೆ ಬಸ್ಸಿಲ್ಲ. ಈ ಊರಿನಲ್ಲಿ ಕಾರು ಓಡಿಸದವರಿಗೆ ಮೊಸರು ಕೂಡ ಇನ್ನೊಬ್ಬರಿಗೆ ಪುರುಸೊತ್ತಾದಾಗಲೇ ಸಿಗುವುದು. ಲೈಸೆನ್ಸಿನ ರೋಡ್ ಟೆಸ್ಟ್ ಶುಕ್ರವಾರ ಮಧ್ಯಾಹ್ನಕ್ಕಿತ್ತು. ಅದು ತಪ್ಪಿದರೆ ಮುಂದಿನದು ಯಾವ ತಿಂಗಳಿಗೋ. ಟೆಸ್ಟಿಗೆ ಕಾರನ್ನು ನಾವೇ ಒಯ್ಯಬೇಕು.

ಗುರುವಾರ ಸಂಜೆ ಗಣಪತಿ ವಿಸರ್ಜನೆ. ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರೆಲ್ಲ ಪಕ್ಕದ ಮನೆಯ ಪ್ರಭಾಕರ ಅಂಕಲ್ ನೇತೃತ್ವದಲ್ಲಿ ಬಣ್ಣವಿಲ್ಲದ ಜೇಡಿಮಣ್ಣಿನ ಗಣಪನನ್ನು ಕೂರಿಸಿದ್ದರು. ನಂಬಿಕೆಯ ಆಧಾರದ ಮೇಲೆ ಅಂಕಲ್ ನನ್ನನ್ನು ಆರಿಸಲಿಲ್ಲ, ಎತ್ತರದ ಆಧಾರದ ಮೇಲೆ ಆರಿಸಿದರು. “ನೀನು ದೇವ್ರನ್ನ ನಂಬ್ಬೇಡಪ್ಪ, ಎತ್ಕೋ ಸಾಕು. ಉಳಿದವ್ರು ಮುಳುಗ್ಹೋಗ್ತಾರೆ.” ಅದಕ್ಕಾಗಿ ಪಂಚೆ ಉಟ್ಟೆ. ನನ್ನ ಕಾರಿನ ಡಿಕ್ಕಿಯಲ್ಲಿದ್ದ ತೆಂಗಿನಕಾಯಿಗಳನ್ನು ತೆಗೆದು, ಬೀಗ ಹಾಕಿ, ಪಂಚೆಗೆ ಜೇಬಿಲ್ಲವಾದ್ದರಿಂದ ಕೀಯನ್ನು ಸೊಂಟದ ಮಡಿಕೆಗೆ ಸಿಕ್ಕಿಸಿ, ಅಂಕಲ್ ವ್ಯಾನು ಹತ್ತಿದೆ. ಕೆರೆಯಲ್ಲಿ ಮಂಡಿಯ ಮೇಲಿನವರೆಗೆ ಇಳಿದು ಮೂರು ಸಲ ಮುಳುಗಿಸಿ ಎತ್ತಿದೆ. ನಾಲ್ಕನೆಯದಕ್ಕೆ ಗಣಪ ಕೈಬಿಟ್ಟು ಹೋದ. ಒಬ್ಬನೇ ಹೋಗಲಿಲ್ಲ ಎಂಬುದು ಮರುದಿನ ಬೆಳಿಗ್ಗೆ ತಿಳಿಯಿತು.

ಒದ್ದೆ ಪಂಚೆ ಕೊಡವಿದೆವು, ಸೋಫಾ ಬೋರಲು ಹಾಕಿದೆವು, ಅಂಕಲ್ ವ್ಯಾನಿನಲ್ಲಿ ತಡಕಾಡಿದೆವು. ಆಗ ಅಂಕಲ್ ನಿಧಾನವಾಗಿ, “ನಿನ್ನೆ ನೀನು ಬಗ್ಗಿದಾಗ ಗುಳುಕ್ ಅಂತು. ನಾನು ತೆಂಗಿನಕಾಯಿ ಚೂರು ಅಂದ್ಕೊಂಡೆ” ಎಂದರು. ಆಮೇಲೆ ಗಡ್ಡ ಕೆರೆದುಕೊಂಡು, “ಪಾಪ, ಎಷ್ಟು ಕಾಲ ಅಂತ ಇಲಿ ಮೇಲೇ ಓಡಾಡ್ತಾನೆ” ಎಂದು ಸೇರಿಸಿದರು.

ವಿದ್ಯಾ ನಗಲಿಲ್ಲ. “ನಾನು ಹೇಳಿದ್ದೆ” ಎಂದೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಟೆಸ್ಟಿಗೆಂದು ಇಸ್ತ್ರಿ ಮಾಡಿಟ್ಟಿದ್ದ ಕುರ್ತಾವನ್ನೇ ನೋಡುತ್ತ ಕುಳಿತುಬಿಟ್ಟಳು. ಅಂಕಲ್ ತಮ್ಮ ವ್ಯಾನು ಕೊಡುತ್ತೇನೆ ಎಂದರು. “ಆ ಹಡಗನ್ನ ಟೆಸ್ಟಲ್ಲಿ ಎರಡು ಕೋನ್ ಮಧ್ಯ ಪಾರ್ಕ್ ಮಾಡೋದಾ ಅಂಕಲ್?” ಎಂದಳು, ಅಷ್ಟೇ. ಕಾರು ಕಂಪನಿಯ ಶೋರೂಮಿಗೆ ಫೋನು ಮಾಡಿದರೆ, ಕಾರನ್ನು ಎಳೆಸಿಕೊಂಡು ಬನ್ನಿ, ಮುಂದಿನ ವಾರ ನೋಡೋಣ ಎಂದರು. ಉಳಿದದ್ದು ಒಂದೇ ದಾರಿ: ವ್ಯಾನಿನಲ್ಲೇ ಅಂಗಡಿ ಇಟ್ಟುಕೊಂಡು, ಕಾರು ನಿಂತಲ್ಲಿಗೇ ಬಂದು ಕೀ ಮಾಡಿಕೊಡುವವರು.

ಇಂಥವರ ಬಗ್ಗೆ ನನಗೆ ಹಿಂದಿನಿಂದಲೂ ಸಂಶಯ. ಬೀಗ ತೆಗೆಯುವ ವಿದ್ಯೆ ಗೊತ್ತಿರುವವರು ಯಾಕೆ ಪ್ರಾಮಾಣಿಕರಾಗಿರಬೇಕು? ಫೋನಿನಲ್ಲಿ ಸಿಕ್ಕ ಹೆಂಗಸನ್ನು ಪಾಟೀಸವಾಲಿಗೆ ಒಳಪಡಿಸಿದೆ. ನಿಮ್ಮ ಲೈಸೆನ್ಸ್ ಏನು, ನಮ್ಮ ಕೀಯ ಇನ್ನೊಂದು ನಕಲನ್ನು ನೀವೇ ಇಟ್ಟುಕೊಳ್ಳುವುದಿಲ್ಲ ಎಂದು ಹೇಗೆ ನಂಬಲಿ? ಆಕೆ ಎಲ್ಲವನ್ನೂ ಕೇಳಿ, ಚೂಯಿಂಗ್ ಗಮ್ ಅಗಿಯುತ್ತಲೇ, “ಮುಗೀತಾ? ಅಡ್ರೆಸ್ ಹೇಳು” ಎಂದಳು. ಆಕೆ ಮಾತಾಡಿದ್ದು ಜಾರ್ಜಿಯಾದ ಇಂಗ್ಲಿಷು. ನಾನು ಕನ್ನಡಕ್ಕೆ ಇಳಿಸುತ್ತಿದ್ದೇನೆ.

ಹೆಸರು ಮೋನಿಕಾ. ಐವತ್ತರ ಆಸುಪಾಸು, ದೊಡ್ಡ ಗಂಟಲು, ಹಣೆಯ ಮೇಲೆ ಏರಿಸಿದ ಕನ್ನಡಕ. ವ್ಯಾನಿನಿಂದ ಇಳಿದು ಕಾರನ್ನೊಂದು ಸುತ್ತು ಹಾಕಿ, ನನ್ನ ಮುಂದೆ ಬಂದು ನಿಂತಳು.

“ಇದು ನಿನ್ನ ಕಾರು ಅಂತ ನಾನು ಹೇಗೆ ನಂಬಲಿ?”

ಇಂಥ ಪ್ರಶ್ನೆಗಳು ಇದುವರೆಗೆ ನನ್ನ ಬಾಯಿಂದ ಹೊರಟಿದ್ದವೇ ಹೊರತು ನನ್ನ ಕಡೆಗೆ ಬಂದಿರಲಿಲ್ಲ. ಲೈಸೆನ್ಸ್ ಕೊಟ್ಟೆ. “ಷಾರ್ಲೆಟ್ ಅಂತಿದೆ. ಇಲ್ಲಿಂದ ನಾಲ್ಕು ಗಂಟೆ ದಾರಿ. ಕಾರಿನ ಪ್ಲೇಟೂ ಬೇರೆ ರಾಜ್ಯದ್ದು. ರಿಜಿಸ್ಟ್ರೇಷನ್ ಎಲ್ಲಿ?”

“ಕಾರೊಳಗೆ.”

“ಕಾರು?”

“ಬೀಗ ಹಾಕಿದೆ. ನೀವು ತೆಗೆದ್ರೆ ತೋರಿಸ್ತೀನಿ.”

“ನೀನು ತೋರಿಸಿದ್ರೆ ತೆಗೀತೀನಿ.”

ಬೇರೆ ದಿನವಾಗಿದ್ದರೆ ಆ ವಾದದ ಗುಂಡನೆಯ ಚೆಲುವಿಗೆ ಚಪ್ಪಾಳೆ ತಟ್ಟುತ್ತಿದ್ದೆ. ಇನ್ಶೂರೆನ್ಸ್ ಆ್ಯಪ್ ತೆರೆದೆ. ಪಾಸ್‌ವರ್ಡ್ ತಪ್ಪು ಎಂದಿತು. ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. ನಾಳೆ ಬಾ ಎಂದು ಅದೂ ಬಾಗಿಲು ಹಾಕಿಕೊಂಡಿತು. ಪ್ರಭಾಕರ ಅಂಕಲ್ ಮುಂದೆ ಬಂದು, “ಮೇಡಂ, ಐ ನೋ ದಿಸ್ ಬಾಯ್” ಎಂದರು. “ಎಷ್ಟು ಕಾಲದಿಂದ?” ಎಂದಳು ಮೋನಿಕಾ. ಅಂಕಲ್ ಸುಳ್ಳು ಹೇಳಲಾರದೆ, “ಜೂನ್” ಎಂದರು.

“ನೋಡಪ್ಪ” ಎಂದಳು ಮೋನಿಕಾ, “ನಿನ್ನ ಹಾಗೇ ನೀಟಾಗಿ ಮಾತಾಡೋನೊಬ್ಬನಿಗೆ ಒಂದ್ಸಲ ಕೀ ಮಾಡಿಕೊಟ್ಟೆ. ಕಾರು ಅವನ ಹಳೇ ಗರ್ಲ್‌ಫ್ರೆಂಡ್‌ದು. ಕೋರ್ಟಿಗೆ ಅಲೆದೋಳು ನಾನು.” ವ್ಯಾನಿನ ಬಾಗಿಲ ಕಡೆ ಕೈ ಹೋಯಿತು. ವಿದ್ಯಾ ಗಡಿಯಾರ ನೋಡಿಕೊಂಡಳು. ಅವಳ ಸೋಮವಾರ ಆ ವ್ಯಾನಿನ ಹಿಡಿಯಲ್ಲಿ ಸಿಕ್ಕಿಕೊಂಡಿತ್ತು.

“ಪೂಜೆ ಫೋಟೋ ತೋರಿಸ್ಲಾ?” ಎಂದಳು ನನಗೆ.

“ಪೂಜೆ ಕಾನೂನಿನ ದಾಖಲೆ ಅಲ್ಲ ವಿದ್ಯಾ.”

“ನೀನು ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರ್ತೀಯಾ?”

ಫೋಟೋ ಮೋನಿಕಾಳ ಕೈಗೆ ಹೋಯಿತು. ಆಕೆ ಕನ್ನಡಕ ಇಳಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿ, ಮೊದಲು ನಂಬರ್ ಪ್ಲೇಟು ಓದಿದಳು. ಮೇಲೆ ಹಳದಿ ಓಂ. ತಲೆಯೆತ್ತಿ ಕಾರಿನ ಹಿಂಬದಿ ನೋಡಿದಳು. ನಾನು ಉಜ್ಜಿ ಉಜ್ಜಿ ಸೋತಿದ್ದ ಓಂಕಾರದ ಬಾಲ ಅದೇ ಜಾಗದಲ್ಲಿ ತಣ್ಣಗೆ ಮಲಗಿತ್ತು. ಬೆರಳಿನಿಂದ ಒಮ್ಮೆ ಕೆರೆದು ನೋಡಿದಳು. “ಟೈರಿನ ಕೆಳಗೆ ಇದೇನು, ನಿಂಬೆಹಣ್ಣಾ? ಅದರ ಮೇಲೆ ಹತ್ತಿಸ್ತೀರಾ? ಯಾಕೆ?”

“ಕೆಟ್ಟದ್ದು ಆಗ್ಬಾರ್ದು ಅಂತ” ಎಂದಳು ವಿದ್ಯಾ.

“ಆಯ್ತಾ?”

“ಕೀ ಮಾತ್ರ ಹೋಯ್ತು. ಅದು ದೇವರ ಜೊತೆ ಕೆರೆಗೆ ಹೋಯ್ತು.”

ಮೋನಿಕಾಳಿಗೆ ಇದು ಅರ್ಥವಾಯಿತೋ ಬಿಟ್ಟಿತೋ, ಮತ್ತೆ ಫೋಟೋ ನೋಡಿದಳು. ಅದರಲ್ಲಿ ವಿದ್ಯಾ ಹಲ್ಲು ಬಿಟ್ಟು ನಗುತ್ತಿದ್ದಳು. ಪಕ್ಕದಲ್ಲಿ ನಾನು, ಆರತಿ ತಟ್ಟೆಯನ್ನು ಹುಳು ಹಿಡಿದಂತೆ ಹಿಡಿದು, ಹುಳಿ ಹಣ್ಣಿಗಿಂತ ಹುಳಿಯಾದ ಮುಖ ಮಾಡಿಕೊಂಡು ನಿಂತಿದ್ದೆ.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ದುರ್ಬಲ ಸಾಕ್ಷ್ಯವೊಂದು ಕಣ್ಣೆದುರೇ ಗೆಲ್ಲುತ್ತಿರುವುದನ್ನು ನೋಡಲಾಗಲಿಲ್ಲ. “ಹಾಗೆ ನೋಡಿದರೆ ಈ ಫೋಟೋದಿಂದ ನಾವು ಕಾರಿನ ಪಕ್ಕ ನಿಂತಿದ್ದೆವು ಅಂತ ಮಾತ್ರ ಗೊತ್ತಾಗುತ್ತೆ, ಕಾರು ನಮ್ಮದೇ ಅಂತ...” ಎನ್ನುವಷ್ಟರಲ್ಲಿ ವಿದ್ಯಾ ನನ್ನ ಪಾದದ ಮೇಲೆ ನಿಂತಳು. ಸುಮ್ಮನೆ ತುಳಿಯಲಿಲ್ಲ, ಹತ್ತಿ ನಿಂತಳು, ನಿಂಬೆಹಣ್ಣಿನ ಮೇಲೆ ಚಕ್ರ ನಿಂತ ಹಾಗೆ.

ಮೋನಿಕಾ ನನ್ನನ್ನೂ ಫೋಟೋವನ್ನೂ ಒಂದೆರಡು ಸಲ ನೋಡಿದಳು. “ಕದ್ದ ಕಾರಿಗೆ ಯಾರೂ ಹೂ ಹಾಕಲ್ಲ. ಮೇಲಾಗಿ ಇದು ಕಳ್ಳನ ಮುಖ ಅಲ್ಲ, ಗಂಡನ ಮುಖ” ಎಂದು ತೀರ್ಪು ಕೊಟ್ಟಳು. “ಬಾಗಿಲು ತೆಗೀತೀನಿ. ಒಳಗಿನ ಕಾಗದದಲ್ಲಿ ನಿನ್ನ ಹೆಸರು ಇಲ್ದಿದ್ರೆ ವಾಪಸ್ ಹಾಕಿ ಪೊಲೀಸಿಗೆ ಫೋನ್ ಮಾಡ್ತೀನಿ.”

ಬಾಗಿಲ ಸಂದಿಗೆ ಗಾಳಿ ತುಂಬುವ ಪುಟ್ಟ ಚೀಲ ತೂರಿಸಿ, ಉದ್ದನೆಯ ಕಂಬಿ ಹಾಕಿ, ಕಾರನ್ನು ತೆರೆದಳು. ಕಾಗದದಲ್ಲಿ ನನ್ನ ಹೆಸರಿತ್ತು. ಇರುತ್ತದೆಂದು ಗೊತ್ತಿದ್ದೂ, ಅದನ್ನು ನೋಡಿ ನನಗೇ ಸಮಾಧಾನವಾಯಿತು. ಅಷ್ಟು ಪ್ರಶ್ನೆಗಳಾದ ಮೇಲೆ ಕಾರು ನನ್ನದು ಹೌದೋ ಅಲ್ಲವೋ ಎಂದು ಒಳಗೊಳಗೇ ಅನುಮಾನ ಶುರುವಾಗಿತ್ತು.

ವ್ಯಾನಿನ ಯಂತ್ರ ಕಿರ್ರೆಂದು ಕೀ ಕೊರೆಯಿತು. ಮೊದಲ ಕೀ ತಿರುಗಿತು, ಎಂಜಿನ್ ಒಮ್ಮೆ ಕೆಮ್ಮಿ ಸತ್ತಿತು. ಮೋನಿಕಾ ಬೈದಳು, ಅದನ್ನು ಕನ್ನಡಕ್ಕೆ ಇಳಿಸುವುದಿಲ್ಲ. ಕೀಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪನ್ನು ಕಾರು ಗುರುತು ಹಿಡಿಯಲಿಲ್ಲವಂತೆ, ತಾನು ತಪ್ಪು ಚಿಪ್ಪಿನದನ್ನು ತೆಗೆದುಕೊಂಡಿದ್ದಳಂತೆ. ಬೇರೆ ಕೀ ಕೊರೆದು, ಅದನ್ನು ಕಾರಿಗೆ ಪರಿಚಯಿಸಲು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ್ದ ಯಂತ್ರವನ್ನು ಇನ್ನೊಮ್ಮೆ ಒತ್ತಿದಳು. ಅಷ್ಟು ಹೊತ್ತು ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಅಂಕಲ್ ಕಣ್ಣುಮುಚ್ಚಿ ಏನೋ ಗೊಣಗುತ್ತಿದ್ದರು. ಎಂಜಿನ್ ಗುರ್ ಎಂದಿತು, ನಿಲ್ಲಲಿಲ್ಲ. ಎದೆಯ ಮೇಲಿಂದ ಯಾರೋ ರುಬ್ಬುವ ಕಲ್ಲು ಇಳಿಸಿದ ಹಾಗಾಯಿತು. “ಇನ್ನೊಂದು ಮಾಡ್ಲಾ?” ಎಂದಳು ಮೋನಿಕಾ. ನಾನು ಬಾಯಿ ತೆರೆಯುವ ಮೊದಲೇ, “ಎಸ್” ಎಂದು ವಿದ್ಯಾ, ಅಂಕಲ್ ಇಬ್ಬರೂ ಹೇಳಿದರು.

ಟೆಸ್ಟಿಗೆ ಸಮಯಕ್ಕೆ ಸರಿಯಾಗಿ ತಲುಪಿದೆವು. ನಾನು ಬೆಂಚಿನ ಮೇಲೆ ಕುಳಿತು ಮೂರನೆಯ ಸಲ ಬೆವರೊರೆಸಿಕೊಳ್ಳುವಾಗ, ವಿದ್ಯಾ ಎರಡು ಕೋನುಗಳ ನಡುವೆ ಕಾರನ್ನು ಪಳಗಿದ ಹಸುವಿನಂತೆ ಹಿಂದಕ್ಕೆ ತಂದು ನಿಲ್ಲಿಸಿದಳು. ಸೋಮವಾರ ಅವಳೇ ಓಡಿಸಿಕೊಂಡು ಹೋದಳು. ನಾನು ಬಾಲ್ಕನಿಯಲ್ಲಿ ನಿಂತು ಕೈ ಬೀಸಿದೆ. ಕನ್ನಡಿ ನೋಡಿಕೊಂಡು ಓಡಿಸುತ್ತಿದ್ದುದರಿಂದ ಅವಳು ನನ್ನನ್ನು ನೋಡಲಿಲ್ಲ. ನೋಡದೇ ಇದ್ದದ್ದು ಸರಿಯಾದ ಡ್ರೈವಿಂಗ್.

ಕಾರು ಹೀಗೆ ಅವಳದಾದ ಮೇಲೆ ನನಗೊಂದು ಬೇಕಾಯಿತು. ಮೊನ್ನೆ ಬಂತು, ಎರಡು ಕೀಗಳ ಸಮೇತ. ಈ ಸಲ ಅಮ್ಮ ಹೇಳುವ ಮೊದಲೇ ನಾರ್‌ಕ್ರಾಸಿನ ಅಂಗಡಿಗೆ ಹೋಗಿ ಸಣ್ಣ ಹಸಿರು ನಿಂಬೆಹಣ್ಣು ತಂದೆ. ಹೂ ಎಲ್ಲಿ ಕಟ್ಟಿದರೆ ಪ್ಲೇಟು ಮುಚ್ಚುವುದಿಲ್ಲ, ಯಾರು ಎಲ್ಲಿ ನಿಂತರೆ ನಂಬರು ಕಾಣುತ್ತದೆ, ಎಲ್ಲವನ್ನೂ ನಾನೇ ನಿರ್ದೇಶಿಸಿದೆ. “ಏನಯ್ಯಾ, ಭಕ್ತಿ ಬಂತಾ?” ಎಂದರು ಅಂಕಲ್, ಫೋನು ಹಿಡಿದುಕೊಂಡು.

“ಇಲ್ಲ ಅಂಕಲ್. ದಾಖಲೆ.”

ರಾತ್ರಿ ಊಟದ ಹೊತ್ತಿಗೆ ಈ ವಾದವನ್ನು ವಿದ್ಯಾಳ ಮುಂದೆ ವಿಸ್ತರಿಸಿದೆ. ನಮ್ಮನ್ನು ಕಾಪಾಡಿದ್ದು ನಿಂಬೆಹಣ್ಣಲ್ಲ, ಫೋಟೋ. ಫೋಟೋ ಸುಳ್ಳು ಹೇಳುವುದಿಲ್ಲ. ಆದ್ದರಿಂದ ವಾಹನಪೂಜೆ ಎಂಬುದು ಒಂದು ಬಗೆಯ ನೋಂದಣಿ. ಅವಳು ಮಜ್ಜಿಗೆ ಅನ್ನ ಕಲಸುತ್ತ ಪೂರ್ತಿ ಕೇಳಿದಳು. ಆಮೇಲೆ ಎಡಗೈಯಲ್ಲಿ ಫೋನು ಎತ್ತಿ ಅಂಕಲ್ ತೆಗೆದ ಹೊಸ ಫೋಟೋವನ್ನು ನನ್ನ ಮುಂದೆ ಹಿಡಿದಳು. “ಇದ್ರಲ್ಲಿ ಕೈ ಮುಗಿದು ಕಣ್ಣು ಮುಚ್ಕೊಂಡಿದ್ದೀಯಲ್ಲ, ಇದು ಯಾವ ನೋಂದಣಿ?”

“ಬಿಸಿಲು ಕಣ್ಣಿಗೆ ಹೊಡೀತಿತ್ತು” ಎಂದೆ.

ಅವಳು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದಳು. ನಮ್ಮಿಬ್ಬರ ನೆರಳುಗಳೂ ನಮ್ಮ ಮುಂದೆ ಉದ್ದವಾಗಿ, ನಿಂಬೆಹಣ್ಣುಗಳನ್ನು ದಾಟಿ, ಅಂಕಲ್ ಕಾಲಿನವರೆಗೂ ಚಾಚಿದ್ದವು. ಸೂರ್ಯ ನನ್ನ ಬೆನ್ನ ಹಿಂದಿದ್ದ.

“ಇನ್ನೂ ಸ್ವಲ್ಪ ಮಜ್ಜಿಗೆ ಹಾಕು” ಎಂದೆ.