ಗಡಿಗೆಗೆ ಇಳಿದವನು

ಮೌನಪ್ಪ ದೇವದುರ್ಗದ ಕಡೆಯ ಹಳ್ಳಿ ಬಿಟ್ಟು ರಾಯಚೂರಿಗೆ ಬಂದು ವರ್ಷವಾಗಿತ್ತು. ಅವನ ಕಾಲುಗಳು ಮಾತ್ರ ಇನ್ನೂ ಬಂದಿರಲಿಲ್ಲ. ಊರಲ್ಲಿ ಅವನ ಕೇರಿಯವರು ಗೌಡರ ಕಟ್ಟೆ ಬಂದರೆ ಬಂಡಿಯಿಂದ ಇಳಿದು, ಚಪ್ಪಲಿ ಕಂಕುಳಲ್ಲಿ ಹಿಡಿದು ದಾಟಬೇಕಿತ್ತು. ಇಳಿಯದವರನ್ನು ಇಳಿಸಲು ಆಳುಗಳಿದ್ದರು. ಹೀಗಾಗಿ ಎಲ್ಲೇ ದೊಡ್ಡವರು ತಲೆಗೆ ಸುತ್ತುವಂಥ ರುಮಾಲು ಕಂಡರೂ ಆ ಕಾಲುಗಳು ಅವನನ್ನು ಕೇಳದೆ ನೆಲ ಹಿಡಿಯುತ್ತಿದ್ದವು.

ಈಗ ಅವನಿಗೆ ಹತ್ತಿ ಗಿರಣಿಯಲ್ಲಿ ಚೀಟಿ ಮುಟ್ಟಿಸುವ ಕೆಲಸ. ಸೈಕಲ್ ಗಿರಣಿಯದು. ಯುದ್ಧದ ದಿನಗಳು, ಮಗಳಿಗೆ ಗಂಡು ಸಿಕ್ಕರೂ ಸೈಕಲ್ಲಿಗೆ ಟೈರು ಸಿಗದ ಕಾಲ. ಸಂಜೆ ಕೆಲಸ ಬಿಡುವ ಭೋಂಗಾ ಕೂಗುವುದರೊಳಗೆ ಸೈಕಲ್ ಗಿರಣಿಯ ಗೋಡೆಗೆ ಒರಗಿರಬೇಕು, ಇಲ್ಲವಾದರೆ ಕೆಲಸವಿಲ್ಲ ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರು.

ಆ ಬೆಳಿಗ್ಗೆ ಸ್ಟೇಶನ್ ರಸ್ತೆಯ ಒಂದು ಕಟ್ಟೆಯ ಮೇಲೆ ಜರಿಯಂಚಿನ ಗಿಳಿಹಸಿರು ರುಮಾಲು ಕಂಡಿತು. ಕಾಲು ಇಳಿದವು. ನಟ್ಟನಡುರಸ್ತೆಯಲ್ಲಿ ಸೈಕಲ್ ಗಕ್ಕನೆ ನಿಂತಿತು. ಬೆನ್ನಿಗೇ ಬರುತ್ತಿದ್ದ ಟಾಂಗಾದ ಕುದುರೆ ಮುಂಗಾಲೆತ್ತಿತು. ಟಾಂಗಾದ ಮುಂದೆ ಕೂತಿದ್ದ ತತ್ತಿ ಮಾರುವ ಖಾಸಿಂ ಬೀಯ ಬುಟ್ಟಿ ಮೌನಪ್ಪನ ನೆತ್ತಿಯ ಮೇಲೆ ಬೋರಲಾಯಿತು. ಕಣ್ಣೊರೆಸಿಕೊಂಡು ನೋಡಿದರೆ ಕಟ್ಟೆಯ ಮೇಲೆ ಗೌಡರೂ ಇಲ್ಲ, ಶೆಟ್ಟರೂ ಇಲ್ಲ. ಅಗಸರ ಹನುಮಂತ್ರಾಯ ಗಂಜಿ ಹಾಕಿದ ರುಮಾಲನ್ನು ಬೋರಲು ಗಡಿಗೆಗೆ ಸುತ್ತಿ ಒಣಗಲಿಟ್ಟಿದ್ದ.

"ಗಡಗಿಗೆ ಇಳದೇನೋ ನನ ಕಂದ?" ಎಂದಳು ಖಾಸಿಂ ಬೀ. "ತತ್ತಿ ಒಡದದ್ದು ಹೋಗ್ಲಿ. ಅಲ್ಲಿ ಒಬ್ಬ ಮನುಷ್ಯಾನಾದ್ರೂ ಇರಬೇಕಿತ್ತು ನೋಡು."

ಪೊಲೀಸ್ ಜವಾನ ಸೈಕಲ್ ಹಿಡಿದ, ಮಧ್ಯಾಹ್ನ ಅದಾಲತ್ತಿಗೆ ಬಾ ಎಂದ. ಗಿರಣಿಯಲ್ಲಿ ತೂಕ ಹಾಕುವ ಅಂಬಣ್ಣ ಕರೆಯದಿದ್ದರೂ ಜೊತೆಗೆ ಹೊರಟು, ನಾಯಿ ಅಡ್ಡ ಬಂತೆಂದು ಹೇಳು ಎಂದು ದಾರಿಯುದ್ದಕ್ಕೂ ಕಲಿಸಿದ. ಅದಾಲತ್ತಿನ ಮೆಟ್ಟಿಲು ಹತ್ತುವ ಹೊತ್ತಿಗೆ ನಾಯಿ ಎಮ್ಮೆಯಾಗಿತ್ತು, ಎಮ್ಮೆಗೊಂದು ಕರುವೂ ಆಗಿತ್ತು.

ಕರಿ ಟೋಪಿಯ ಮುನ್ಸಿಫ್ ಸಾಹೇಬರು ತಲೆ ಎತ್ತದೆ ತೀರ್ಪು ಕೊಡುತ್ತಿದ್ದರು. ದೀಪವಿಲ್ಲದ ಸೈಕಲ್ಲಿಗೆ ಒಂದು ರೂಪಾಯಿ, ಬಲಕ್ಕೆ ಹೋದ ಟಾಂಗಾಕ್ಕೆ ಒಂದು, ಬಂಡಿಯಲ್ಲಿ ನಿದ್ದೆ ಹೋದವನಿಗೆ ಎರಡು. ಎತ್ತುಗಳು ಎಚ್ಚರವಿದ್ದವು ಎಂಬ ಅವನ ವಾದ ನಡೆಯಲಿಲ್ಲ. ಮೌನಪ್ಪನ ಸರದಿ ಬಂದಾಗ ಎಮ್ಮೆ ಗಂಟಲಲ್ಲೇ ಸಿಕ್ಕಿಕೊಂಡಿತು. ಗಡಿಗೆಯ ಕತೆಯನ್ನೇ ಹೇಳಿದ. ಎಲ್ಲರೂ ನಕ್ಕರು.

"ಇಳೀಲಿಲ್ಲಂದ್ರ ಊರಾಗ ಕಾಲು ಮುರೀತಾರ್ರೀ ಸಾಹೇಬ್ರ," ಎಂದ ಮೌನಪ್ಪ. "ನಮ್ಮಪ್ಪಂದು ಮುರದಾರ. ಅದನ್ನ ನನ್ನ ಕಾಲು ಮರ್ತಿಲ್ರಿ."

ನಗು ನಿಂತಿತು. ಸಾಹೇಬರು ಮೊದಲ ಸಲ ತಲೆ ಎತ್ತಿದರು. ಅವರ ಉರ್ದುವನ್ನು ಗುಮಾಸ್ತ ಕನ್ನಡ ಮಾಡಿದ: ರಸ್ತೆ ಸರಕಾರದ್ದು. ಗೌಡ ಬರಲಿ, ಶೆಟ್ಟಿ ಬರಲಿ, ನಡುರಸ್ತೆಯಲ್ಲಿ ಇಳಿಯಬಾರದು. ಇನ್ನೊಮ್ಮೆ ಇಳಿದರೆ ಜೈಲು. ಈಗ ದಂಡ ಒಂದು ರೂಪಾಯಿ, ಸೈಕಲ್ ವಾಪಸ್ಸು.

ಮೌನಪ್ಪ ಅದನ್ನು ಮೊಹರಿನ ಕಾಗದದ ಮೇಲೆ ಬರೆಸಿಕೊಂಡ. ಊರಿಗೆ ಒಯ್ದು ಗೌಡರ ಕಟ್ಟೆಯ ಮುಂದೆ ಓದಿಸಬೇಕು ಎಂದುಕೊಂಡ. ಕಾಗದ ಜೇಬಿಗೆ, ಕಾಲು ಪೆಡಲ್ಲಿಗೆ. ಹುಟ್ಟಿದಾಗಿನಿಂದ ಮೊದಲ ಸಲ ಎರಡೂ ಕಾಲು ತನ್ನವೇ ಅನ್ನಿಸಿತು.

ಅದಾಲತ್ತಿನ ಮುಂದಿನ ರಸ್ತೆಗೆ ಬಂದರೆ, ಗುಂಪಿನ ನಡುವೆ ಅದೇ ಗಿಳಿಹಸಿರು ರುಮಾಲು. ಪಕ್ಕದಲ್ಲೇ ಹನುಮಂತ್ರಾಯ. ಕಾಲು ಸಡಿಲವಾದವು. ಮತ್ತೆ ಗಡಿಗೆಗೆ ಇಳಿಯುವವ ನಾನಲ್ಲ ಎಂದು ಮೌನಪ್ಪ ಹಲ್ಲು ಕಚ್ಚಿ ಪೆಡಲ್ ತುಳಿದ, ಗಂಟೆಯನ್ನೂ ಬಾರಿಸಿದ.

ರುಮಾಲು ತಿರುಗಿತು. ಕೆಳಗೆ ಮುನ್ಸಿಫ್ ಸಾಹೇಬರ ಮುಖವಿತ್ತು. ಸಂಜೆಯ ಔತಣಕ್ಕೆಂದು ಅವರು ಒಗೆಯಲು ಕೊಟ್ಟಿದ್ದ ರುಮಾಲನ್ನು ಹನುಮಂತ್ರಾಯ ಆಗಷ್ಟೇ ತಂದು ಕೊಟ್ಟಿದ್ದ.

ಜವಾನ ಹ್ಯಾಂಡಲ್ ಹಿಡಿದ. ಮೌನಪ್ಪ ಕಾಗದ ತೋರಿಸಿದ. ಸಾಹೇಬರು ತಮ್ಮ ತೀರ್ಪನ್ನು ತಾವೇ ನಿಧಾನವಾಗಿ ಓದಿ, ಮಡಚಿ, ತಮ್ಮ ಜೇಬಿಗೆ ಹಾಕಿಕೊಂಡು ಏನೋ ಹೇಳಿದರು.

"ಗೌಡಗ, ಶೆಟ್ಟಿಗ ಇಳೀಬ್ಯಾಡ ಅಂತ ಬರದದ," ಎಂದು ಗುಮಾಸ್ತ ಕನ್ನಡ ಮಾಡಿದ. "ಸಾಹೇಬ್ರಿಗೆ ಇಳೀಬ್ಯಾಡ ಅಂತ ಎಲ್ಲಿ ಅದ?"

ದಂಡ ಎರಡು ರೂಪಾಯಿ, ಸೈಕಲ್ ನಾಳೆಯವರೆಗೆ ಜಪ್ತಿ. ದೂರದಲ್ಲಿ ಗಿರಣಿಯ ಭೋಂಗಾ ಕೂಗಿತು. ಅಂಬಣ್ಣ ಆಗಲೇ ಕಾಣೆಯಾಗಿದ್ದ.

"ಗಡಗಿಗೆ ಇಳದದ್ದಕ್ಕ ಒಂದು, ಸಾಹೇಬ್ರಿಗೆ ಇಳೀಲಾರದ್ದಕ್ಕ ಎರಡು," ಎಂದಳು ಸಾಕ್ಷಿಗೆ ಬಂದಿದ್ದ ಖಾಸಿಂ ಬೀ. "ಗಡಗೀನ ಸೋವಿ ಇತ್ತಲ್ಲೋ ಮೌನಪ್ಪಾ."

ಮೌನಪ್ಪ ನಡೆದುಕೊಂಡೇ ಹೊರಟ. ಇಳಿಯಲು ಅವನ ಕೆಳಗೆ ಈಗ ಏನೂ ಇರಲಿಲ್ಲ.