ಮೀನಿನ ಕನ್ಯೆಗೆ ಊಟ ಆಯ್ತಾ ಎಂದು ಕೇಳಿದ್ದಕ್ಕೆ

ಸುಖಪ್ರಯಾಣ ಟೂರ್ಸ್ ಅಂಡ್ ಈವೆಂಟ್ಸ್ ಸಂಸ್ಥೆಯ ಮಾಲೀಕರೂ, ಹೊಸೂರು ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುವುದೇ ದೊಡ್ಡ ಪ್ರಯಾಣವಾಗಿರುವ ಈ ಕಾಲದಲ್ಲಿ ಸಿಂಗಸಂದ್ರದ ಹೆಂಗಸರನ್ನು ಸಮುದ್ರವನ್ನೇ ದಾಟಿಸಿದ ಸಾಹಸಿಗಳೂ ಆದ ಶ್ರೀ ಗುರುರಾಜ್ ಅವರ ಸನ್ನಿಧಿಗೆ,

ಮಾನ್ಯರೇ,

ಸಿಂಗಸಂದ್ರದ ಭದ್ರಮ್ಮನ ನಮಸ್ಕಾರಗಳು. ತಾವು, ತಮ್ಮ ಶ್ರೀಮತಿಯವರು ಹಾಗೂ ತಮ್ಮ ಎಸಿ ಬಸ್ಸುಗಳು ಎಲ್ಲರೂ ಕುಶಲವೆಂದು ನಂಬಿದ್ದೇನೆ. ನಾನೂ ಕುಶಲವಾಗಿದ್ದೇನೆ. ಒಂದು ಹೊತ್ತು ಉಪವಾಸವಿದ್ದರೆ ಯಾರೂ ಸಾಯುವುದಿಲ್ಲ ಎಂದು ತಮ್ಮ ಗೈಡ್ ವಸಂತ್ ಕಾಂಬೋಡಿಯಾದಲ್ಲಿ ಹೇಳಿದ ಮಾತು ನಿಜವೆಂದು ಸಾಬೀತಾಗಿದೆ.

ಪ್ರವಾಸ ಮುಗಿಸಿ ಬಂದಾಗಿನಿಂದ ನನ್ನ ಮೊಬೈಲಿಗೆ ತಮ್ಮ ಕಂಪನಿಯಿಂದ ಐದು ನಕ್ಷತ್ರಗಳ ಚಿತ್ರ ಬರುತ್ತಲೇ ಇದೆ. ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳುತ್ತದೆ. ನಮಗೆ ನಕ್ಷತ್ರವೆಂದರೆ ಅಶ್ವಿನಿ, ಭರಣಿ, ಕೃತ್ತಿಕೆ. ಅವನ್ನು ಯಾರಿಗೂ ದಯಪಾಲಿಸುವ ಅಧಿಕಾರ ನನಗಿಲ್ಲ. ಅಲ್ಲದೆ ನಾನು ಹತ್ತನೇ ತರಗತಿ ಓದಿದ ಕಾಲದಲ್ಲಿ, ಪ್ರಶ್ನೆ ಕೇಳಿದರೆ ಪೂರ್ಣ ವಾಕ್ಯದಲ್ಲಿ ಉತ್ತರ ಬರೆಯಬೇಕಿತ್ತು. ಆದ್ದರಿಂದ ಈ ಪತ್ರ. ಇದರ ಇನ್ನೊಂದು ಪ್ರತಿಯನ್ನು ನಮ್ಮ ಕಲ್ಯಾಣ ಮಂಟಪದ ಬಾಗಿಲಲ್ಲಿ, ವಧೂವರರ ಹೆಸರು ಹಾಕುವ ಬೋರ್ಡಿನ ಮೇಲೆ ಅಂಟಿಸಿದ್ದೇನೆ. ಈ ವಾರ ಮುಹೂರ್ತವಿಲ್ಲದ ಕಾರಣ ಬೋರ್ಡು ಖಾಲಿಯಿತ್ತು.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುತ್ತೇನೆ. ನಮ್ಮ ಭಜನಾ ಮಂಡಳಿಯ ಹೆಂಗಸರನ್ನು ತಾವು ಅಂಕೋರ್ ವಾಟ್ ದೇವಸ್ಥಾನಕ್ಕೆ ಕರೆದೊಯ್ದಿರಿ. ಅಲ್ಲಿ ಎಂಟು ಕೈಗಳ ವಿಷ್ಣು ನಿಂತಿದ್ದಾನೆ. ಈಗ ಅವನಿಗೆ ಬೌದ್ಧರ ಹಳದಿ ಬಟ್ಟೆ ಉಡಿಸಿದ್ದಾರೆ, ಊದುಬತ್ತಿ ಹಚ್ಚುತ್ತಾರೆ, ಅವನೂ ಬೇಸರಿಸಿಕೊಳ್ಳದೆ ನಿಂತಿದ್ದಾನೆ. ಮನೆಯಿಂದ ಒಯ್ದಿದ್ದ ಅಕ್ಷತೆಯನ್ನು ಅವನ ಪಾದಕ್ಕೆ ಹಾಕಿ ಕೈಮುಗಿದೆ. ಸ್ವಲ್ಪ ಅಕ್ಷತೆ ಉಳಿಯಿತು, ಪರ್ಸಿನಲ್ಲಿಟ್ಟುಕೊಂಡೆ. ಆ ಉಳಿದ ಅಕ್ಷತೆಯ ಮೇಲೆಯೇ ತಮ್ಮ ಆಕ್ಷೇಪಣೆ ಇರುವುದರಿಂದ ಅದನ್ನು ಇಲ್ಲೇ ಹೇಳಿದ್ದೇನೆ.

ಅಂದು ಸಂಜೆ ತಾವು ಅಚ್ಚು ಹಾಕಿಸಿಕೊಟ್ಟಿದ್ದ ಕಾರ್ಯಕ್ರಮದ ಹಾಳೆಯಲ್ಲಿ ‘ಸಾಂಪ್ರದಾಯಿಕ ಖ್ಮೇರ್ ನೃತ್ಯ ಹಾಗೂ ಬಫೆ ಭೋಜನ’ ಎಂದಿತ್ತು. ಖ್ಮೇರ್ ಎಂದರೆ ಆ ದೇಶದ ಜನವಂತೆ. ತಪ್ಪೆಲ್ಲ ಆ ‘ಹಾಗೂ’ ಎಂಬ ಪದದ್ದು. ನಮ್ಮಲ್ಲಿ ‘ಪೂಜೆ ಹಾಗೂ ಊಟ’ ಎಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿದರೆ ಪೂಜೆ ಮುಗಿದ ಮೇಲೆ ಊಟ ಎಂದರ್ಥ. ಮಂಗಳಾರತಿ ಎತ್ತುವಾಗ ಯಾರೂ ಪಲಾವ್ ಬಡಿಸಿಕೊಂಡು ಬರುವುದಿಲ್ಲ. ತಮ್ಮ ‘ಹಾಗೂ’ ಎರಡನ್ನೂ ಒಂದೇ ಬಾಯಲ್ಲಿ ತುರುಕುವಂಥದ್ದೆಂದು ತಿಳಿಯುವಷ್ಟು ವಿದ್ಯೆ ನನಗೆ ಇರಲಿಲ್ಲ.

ಸಿಯೆಮ್ ರೀಪ್ ಎಂಬ ಆ ಊರಿನ ಹಾಲ್ ಬಹಳ ದೊಡ್ಡದು. ಒಂದು ತುದಿಯಲ್ಲಿ ವೇದಿಕೆ, ಉಳಿದ ಮೂರು ಗೋಡೆಗೂ ಊಟದ ಪಾತ್ರೆಗಳು, ನಡುವೆ ಲೋಕದ ಎಲ್ಲ ದೇಶಗಳ ಪ್ರವಾಸಿಗರು. ದೀಪ ಮಂದವಾಯಿತು, ವಾದ್ಯ ಶುರುವಾಯಿತು, ಚಿನ್ನದ ಬಣ್ಣದ ಕಿರೀಟವಿಟ್ಟ ಹುಡುಗಿಯರು ಸಾಲಾಗಿ ಬಂದರು. ಅವರು ಬೆರಳುಗಳನ್ನು ಹಿಂದಕ್ಕೆ ಬಾಗಿಸುವುದನ್ನು ನೋಡಿ ನಾನು ಬೆರಗಾದೆ. ನಮ್ಮ ದಿವ್ಯಾ ಒಂಬತ್ತು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ, ಆದ್ದರಿಂದ ಬೆರಳು ಹಾಗೆ ಬಾಗಬೇಕಾದರೆ ಎಷ್ಟು ಬೆಳಗಿನ ನಿದ್ದೆ ಹೋಗಿರಬೇಕೆಂದು ಮೊಮ್ಮಗಳನ್ನು ಎಬ್ಬಿಸುವ ನನಗೆ ಗೊತ್ತು. ಆ ಹುಡುಗಿಯರು ಬೆಳ್ಳಿಯ ಬಟ್ಟಲಿನಿಂದ ಹೂವಿನ ಎಸಳು ತೆಗೆದು ನಮ್ಮೆಲ್ಲರ ಮೇಲೆ ಆಶೀರ್ವಾದವೆಂದು ಎರಚಿದರು. ಆ ಹೊತ್ತಿಗೆ ಸರಿಯಾಗಿ ಸೀಗಡಿಯ ಹೊಸ ಪಾತ್ರೆ ಬಂತು. ಆಶೀರ್ವಾದವೆಲ್ಲ ಜನರ ಬೆನ್ನಿನ ಮೇಲೆ ಬಿತ್ತು.

ನಾನು ನನ್ನ ಕುರ್ಚಿಯನ್ನು ವೇದಿಕೆಯ ಕಡೆಗೆ ತಿರುಗಿಸಿಕೊಂಡು ಕುಳಿತೆ. ಎದುರಿಗೆ ಒಬ್ಬರು ಹಾಡುತ್ತಿದ್ದರೆ, ಕುಣಿಯುತ್ತಿದ್ದರೆ, ನಮ್ಮ ಮನೆಯಲ್ಲಿ ಎಲೆ ಅಡಿಕೆಯನ್ನೂ ಬಾಯಿಗೆ ಹಾಕುವುದಿಲ್ಲ. ಭಜನೆಯವರು, ಕೋಲಾಟದವರು ಬಂದರೆ ಮೊದಲ ಎಲೆ ಅವರಿಗೆ, ಮನೆಯ ಯಜಮಾನರಿಗೆ ಆಮೇಲೆ. ಇದು ನಮ್ಮ ಅತ್ತೆಯವರು ಹಾಕಿಕೊಟ್ಟ ಕ್ರಮ, ಅವರಿಗೂ ಅವರ ಅತ್ತೆ ಹಾಕಿಕೊಟ್ಟಿದ್ದು. ಆದರೆ ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ ತಟ್ಟೆ ತುಂಬಿಕೊಂಡು ಬಂದು ನನ್ನ ಕಿವಿಯ ಹತ್ತಿರವೇ ಕೂಗಿದಳು: “ಏನೇ ಭದ್ರಿ, ಕುಣಿಯೋರು ಎಲ್ಲೂ ಓಗಲ್ಲ ಕಣೇ, ಆ ಉದ್ದನೆ ಬೋಂಡ ಖಾಲಿ ಆಗ್ತೈತೆ, ಎದ್ದು ಬಾರೇ!” ಸುಬ್ಬಲಕ್ಷ್ಮಮ್ಮನ ಮೇಲೆ ನನಗೆ ದೂರಿಲ್ಲ. ಅವಳು ಮೂರು ಸಲ ಎದ್ದು ಹೋದಳು, ಮೂರು ಸಲವೂ ವೇದಿಕೆಗೆ ಅಡ್ಡಲಾಗಿಯೇ ಹೋದಳು. ಅಂದರೆ ಅವಳೂ ಒಂದು ರೀತಿಯಲ್ಲಿ ಕಾರ್ಯಕ್ರಮ ಕೊಟ್ಟಳು.

ಕೊನೆಗೆ ಒಂದು ಕಥೆ ಆಡಿದರು. ಸೇತುವೆ ಕಟ್ಟುವಾಗ ಕಲ್ಲು ಕದಿಯುವ ಮೀನಿನ ಕನ್ಯೆಯೊಬ್ಬಳು, ಅವಳನ್ನು ತಡೆಯಲು ಹೋಗುವ ಆಂಜನೇಯ. ಮೊದಲು ಜಗಳ, ಆಮೇಲೆ ನೋಟ, ಆಮೇಲೆ ನಮ್ಮ ಬ್ರಹ್ಮಚಾರಿ ಸ್ವಾಮಿ ಅವಳ ಬಾಲ ಹೋದಲ್ಲೆಲ್ಲ ಹಿಂಬಾಲಿಸಿದ. ಪರಸ್ಥಳಕ್ಕೆ ಹೋದವರು ಒಬ್ಬೊಬ್ಬರು ಒಂದೊಂದು ರೀತಿ ಬದಲಾಗುತ್ತಾರೆ, ನಾನು ಅದನ್ನು ದೂರುವವಳಲ್ಲ. ವೇದಿಕೆಯ ಮೇಲೆ ಮೀನಿನ ಕನ್ಯೆ ನಾಚಿಕೊಳ್ಳುತ್ತಿದ್ದಾಗ ಕೆಳಗೆ ನನ್ನ ಅಕ್ಕಪಕ್ಕದವರು ಬಾಳೆಲೆಯಲ್ಲಿ ಬೇಯಿಸಿದ ಮೀನನ್ನು ಮುಳ್ಳು ಬಿಡಿಸಿ ತಿನ್ನುತ್ತಿದ್ದರು ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಆಟ ಮುಗಿದ ಮೇಲೆ ಆಂಜನೇಯನೂ ಆ ಕನ್ಯೆಯೂ ವೇದಿಕೆಯ ನಡುವೆ ಅಕ್ಕಪಕ್ಕ ನಿಂತರು. ಮೈತುಂಬ ಒಡವೆ, ಕೊರಳಲ್ಲಿ ಹೂವು. ಜನ ಒಂದು ಕಡೆಯಿಂದ ಸಾಲಾಗಿ ಹತ್ತಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಇನ್ನೊಂದು ಕಡೆಯಿಂದ ಇಳಿಯುತ್ತಿದ್ದರು. ಕಲ್ಯಾಣ ಮಂಟಪದ ಒಡತಿಯಾಗಿ ವರ್ಷಕ್ಕೆ ಎಷ್ಟೋ ಆರತಕ್ಷತೆ ನೋಡುವ ನನಗೆ ಇದರಲ್ಲಿ ಸಂಶಯವೇನೂ ಹುಟ್ಟಲಿಲ್ಲ. ಇಷ್ಟು ದೂರ ಮುಂದುವರಿದ ಮೇಲೆ ಹಿರಿಯರು ಕೂಡಿಸಿಬಿಟ್ಟಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡು ನಾನೂ ಸಾಲಿನಲ್ಲಿ ನಿಂತೆ, ನನ್ನ ಸರದಿ ಬಂದಾಗ ಪರ್ಸಿನಲ್ಲಿದ್ದ ಅಕ್ಷತೆ ತೆಗೆದು ಇಬ್ಬರ ತಲೆಗೂ ಹಾಕಿ, ನೂರು ಕಾಲ ಬಾಳಿ ಎಂದೆ. ಆಂಜನೇಯಸ್ವಾಮಿಗೆ ಮದುವೆ ಮಾಡಿಸಿ ಬಂದವಳು ಎಂದು ಸುಬ್ಬಲಕ್ಷ್ಮಮ್ಮ ಈಗ ಇಡೀ ಸಿಂಗಸಂದ್ರಕ್ಕೆ ಹೇಳಿಕೊಂಡು ತಿರುಗುತ್ತಿದ್ದಾಳೆ. ಹೇಳಲಿ. ಮಾಡಿಸಿದ್ದು ಹೌದು.

ಅಕ್ಷತೆ ಹಾಕಿದ ಮೇಲೆ ವಧುವನ್ನು ಕೇಳುವ ಮಾತೊಂದಿದೆ. ಬೆಳಗಿನಿಂದ ಒಡವೆ ಹೊತ್ತು ನಿಂತ ಹುಡುಗಿಯನ್ನು ನಮ್ಮ ಹೆಂಗಸರು ಕೇಳಿಯೇ ಕೇಳುತ್ತಾರೆ. ನಾನೂ “ಊಟ ಆಯ್ತೇನಮ್ಮಾ?” ಎಂದೆ. ಅವಳಿಗೆ ಭಾಷೆ ತಿಳಿಯಲಿಲ್ಲ. ಕೈಯನ್ನು ಬಾಯಿಯ ಹತ್ತಿರ ಒಯ್ದು ಕೇಳಿದೆ. ಆ ಭಾಷೆ ಎಲ್ಲ ದೇಶಕ್ಕೂ ಒಂದೇ. ಇಷ್ಟು ಹೊತ್ತು ಬಣ್ಣದ ನಗು ನಗುತ್ತಿದ್ದ ಹುಡುಗಿ ಮೊದಲ ಸಲ ನಿಜವಾಗಿ ನಕ್ಕು, ಇಲ್ಲವೆಂದು ತಲೆಯಾಡಿಸಿದಳು.

ಪಾತ್ರೆಗಳಿಗೆ ಮುಚ್ಚಳ ಬೀಳುತ್ತಿತ್ತು. ನಾನು ಕೆಳಗಿಳಿದು ಒಂದು ತಟ್ಟೆಗೆ ಅನ್ನ, ಬೇಯಿಸಿದ ತರಕಾರಿ, ಎರಡು ಹೋಳು ಕಲ್ಲಂಗಡಿ ಹಾಕಿಕೊಂಡೆ. ಅಲ್ಲಿಯವರೆಗೆ ನಾನು ಏನೂ ತಿಂದಿರಲಿಲ್ಲ, ಆದ್ದರಿಂದ ಅದು ನನ್ನ ಪಾಲಿನ ಊಟ, ಎಂಜಲೂ ಅಲ್ಲ. ವೇದಿಕೆ ಹತ್ತಿ ಅವಳ ಕೈಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮದುಮಗನೂ ಮುಖವಾಡವನ್ನು ಹಣೆಗೆ ಏರಿಸಿ ಕಲ್ಲಂಗಡಿಗೆ ಕೈ ಹಾಕಿದ. ಇಬ್ಬರೂ ಎರಡು ತುತ್ತು ತಿಂದಿರಬಹುದು, ಅಷ್ಟರಲ್ಲಿ ಕರಿಕೋಟು ಹಾಕಿದ ಮನುಷ್ಯನೊಬ್ಬ ಬಂದು ಅವರನ್ನು ಪರದೆಯ ಹಿಂದಕ್ಕೆ ಅಟ್ಟಿದ. ತಮ್ಮ ವಸಂತ್ ಓಡಿ ಬಂದು, “ಅಯ್ಯೋ ಅಮ್ಮಾ, ಬಫೆ ಇರೋದು ಟೂರಿಸ್ಟ್‌ಗಳಿಗೆ ಕಣಮ್ಮಾ, ಡ್ಯಾನ್ಸ್ ಮಾಡೋರಿಗಲ್ಲ! ನಮ್ ಕಂಪನಿ ಮಾನ ಹೋಯ್ತು” ಎಂದ. ನನಗೆ ಊಟ ಉಳಿಯಲಿಲ್ಲವಲ್ಲಪ್ಪ ಎಂದದ್ದಕ್ಕೇ ಅವನು ಉಪವಾಸದ ಬಗ್ಗೆ ಮೇಲೆ ಹೇಳಿದ ವೈದ್ಯಕೀಯ ಸಲಹೆ ಕೊಟ್ಟಿದ್ದು. ಮರುದಿನ ಬೆಳಿಗ್ಗೆ ತಾವು ವಾಟ್ಸಾಪ್ ಗುಂಪಿನಲ್ಲಿ ‘ಹಿರಿಯ ಪ್ರಯಾಣಿಕರು ವೇದಿಕೆಯ ಮೇಲೆ ಧಾನ್ಯ ಎಸೆಯುವುದು, ಆಹಾರ ಒಯ್ಯುವುದು ಮಾಡಬಾರದು’ ಎಂದು ಹಾಕಿಸಿದಿರಿ. ಅಕ್ಷತೆಯನ್ನು ಧಾನ್ಯವೆಂದು ಕರೆದವರಲ್ಲಿ ನನಗೆ ಗೊತ್ತಿರುವಂತೆ ತಾವೇ ಮೊದಲಿಗರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಆದರೆ ಹೋದ ಭಾನುವಾರ ತಾವು ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೇ ಬಂದಿರಿ. ಮುಂದಿನ ತಿಂಗಳು ನಮ್ಮ ಮಂಟಪದಲ್ಲಿ ನಡೆಯುವ ದಿವ್ಯಾಳ ರಂಗಪ್ರವೇಶದ ಏರ್ಪಾಟನ್ನು ನನ್ನ ಮಗ ಭಾನುಪ್ರಕಾಶ ತಮಗೆ ಒಪ್ಪಿಸಿದ್ದಾನಂತೆ. “ಸೇಮ್ ಸಿಯೆಮ್ ರೀಪ್ ಥರಾನೇ ಮಾಡ್ಕೊಡ್ತೀನಿ ಸಾರ್. ಊಟನ ಕೆಳಗಡೆ ಇಡೋದೇ ಬೇಡ, ಕೌಂಟರ್‌ಗಳನ್ನ ಹಾಲ್ ಒಳಗೇ ತಂದ್ಬಿಡೋಣ, ಗೆಸ್ಟ್‌ಗಳು ತಿನ್ಕೊಂಡೇ ನೋಡ್ತಾರೆ, ಯಾರಿಗೂ ಬೋರ್ ಆಗಲ್ಲ” ಎಂದಿರಿ. ಭಾನುಪ್ರಕಾಶನ ಆಫೀಸಿನವರು ಎಲೆಕ್ಟ್ರಾನಿಕ್ ಸಿಟಿಯಿಂದ ಬರುತ್ತಾರೆ, ಅವರಿಗೆ ಕಾಯುವ ಅಭ್ಯಾಸವಿಲ್ಲ ಎಂದು ಅವನೂ ತಲೆಯಾಡಿಸಿದ. ತಾವು ಚಿತ್ರ ತೋರಿಸಿದಿರಿ: ವೇದಿಕೆಯ ಎಡಕ್ಕೆ ದೋಸೆ, ಬಲಕ್ಕೆ ಪಾನಿಪೂರಿ, ನಡುವೆ ಬೆರಳಿನಷ್ಟು ಎತ್ತರದ ನನ್ನ ಮೊಮ್ಮಗಳು.

ತಾವು ಹೋದ ಮೇಲೆ ಆ ಹುಡುಗಿ ಅಡುಗೆಮನೆಗೆ ಬಂದು, ಗೆಜ್ಜೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು: “ಅಜ್ಜಿ, ನಾನು ಕುಣಿಯೋವಾಗ ಜನ ನನ್ನ ನೋಡ್ತಾರಾ, ಇಲ್ಲಾ ದೋಸೆ ಮಗುಚೋದು ನೋಡ್ತಾರಾ?” ಈ ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರ ಬರೆಯಬೇಕಾದವರು ತಾವು. ತಾವು ಅನುಭವಸ್ಥರು, ಆದ್ದರಿಂದ ತಮ್ಮ ಏರ್ಪಾಟು ಚೆನ್ನಾಗಿ ನಡೆಯಲೆಂದು ಕೆಲವು ಸಣ್ಣ ಕೋರಿಕೆಗಳನ್ನು ಮಾಡಿಕೊಳ್ಳುತ್ತೇನೆ.

ಜನ ವೇದಿಕೆಯ ಕಡೆಗೆ ತಿರುಗುವ ಕಷ್ಟವನ್ನು ತಪ್ಪಿಸಲು ವೇದಿಕೆಗೇ ಚಕ್ರ ಹಾಕಿಸಿ. ಸಾಲು ಗೋಬಿ ಮಂಚೂರಿಯ ಕಡೆಗೆ ಹೋದರೆ ದಿವ್ಯಾಳೂ ಅಲ್ಲಿಗೆ ಬರಲಿ, ಐಸ್‌ಕ್ರೀಮಿನ ಕಡೆಗೆ ಹೋದರೆ ವರ್ಣದ ನೃತ್ಯವನ್ನು ಅರ್ಧಕ್ಕೆ ಬಿಟ್ಟು ಅಲ್ಲಿಗೆ ಉರುಳಲಿ. ಹಪ್ಪಳವನ್ನು ಹಿಂದಿನ ದಿನವೇ ನೆನೆಸಿಡಿ, ಸದ್ದಾಗದು. ನುಗ್ಗೆಕಾಯಿಯನ್ನು ಆದಿತಾಳದಲ್ಲಿ ಚೀಪಲು ಅತಿಥಿಗಳಿಗೆ ದಿವ್ಯಾಳ ಗುರುಗಳಾದ ಶ್ಯಾಮಲಾ ಮೇಡಂ ಅವರಿಂದ ಮೊದಲೇ ಪಾಠ ಹೇಳಿಸಿ. ದೇವರ ಪದಕ್ಕೆ ಕಣ್ಣೀರು ಬರಬೇಕಾದ ಜಾಗದಲ್ಲಿ ಪಾನಿಪೂರಿಯ ಖಾರ ಹೆಚ್ಚಿಸಿದರೆ ಎರಡು ಕೆಲಸ ಒಂದೇ ಖರ್ಚಿನಲ್ಲಿ ಆಗುತ್ತದೆ. ಇನ್ನು ಕುಣಿಯುವವಳ ಹೊಟ್ಟೆಗೆ ಏನು ಎಂಬ ಪ್ರಶ್ನೆ ತಮ್ಮ ಚಿತ್ರದಲ್ಲಿ ಎಲ್ಲಿಯೂ ಕಾಣಲಿಲ್ಲ. ಖ್ಮೇರ್ ಮಾದರಿಯಲ್ಲಿ ಅದೂ ಸೇರಿದೆಯೆಂದು ತಿಳಿದುಕೊಳ್ಳುತ್ತೇನೆ. ಅಲ್ಲಿಯ ಮೀನಿನ ಕನ್ಯೆಗೆ ತಟ್ಟೆ ಕೊಂಡೊಯ್ಯಲು ಯಾರೋ ಹೊರದೇಶದ ಮುದುಕಿ ಬರಬೇಕಾಯಿತು. ನಮ್ಮ ದಿವ್ಯಾಳಿಗಾಗಿ ಯಾವ ದೇಶದಿಂದ ಕರೆಸುತ್ತೀರಿ?

ಈ ಕೋರಿಕೆಗಳು ಕಷ್ಟವೆನಿಸಿದರೆ ಇನ್ನೊಂದು ದಾರಿಯಿದೆ. ನನ್ನ ಯಜಮಾನರಾದ ಚಿನ್ನಪ್ಪನವರು ಈ ಮಂಟಪ ಕಟ್ಟಿಸುವಾಗ ಊಟದ ಹಾಲನ್ನು ಕೆಳಗೆ ಇಟ್ಟಿದ್ದಕ್ಕೆ ಕಾರಣವಿತ್ತು. ಆ ಹಾಲಿನದೂ ಅಡುಗೆಮನೆಯದೂ ಎರಡೇ ಕೀಲಿ, ಎರಡೂ ನನ್ನ ಸೊಂಟದಲ್ಲಿವೆ. ಮಂಗಳ ಮುಗಿದು, ಮೃದಂಗದವರು, ಹಾಡುವವರು, ಶ್ಯಾಮಲಾ ಮೇಡಂ, ಮತ್ತು ಬೆವರು ಒರೆಸಿಕೊಂಡು ದಿವ್ಯಾ, ಇಷ್ಟು ಜನ ಮೊದಲ ಪಂಕ್ತಿಯಲ್ಲಿ ಕೂರುವವರೆಗೆ ಬೀಗ ತೆಗೆಯುವುದಿಲ್ಲ. “ಅಮ್ಮಾ, ಜನ ಎದ್ದು ಹೋಗ್ಬಿಡ್ತಾರಮ್ಮ” ಎಂದು ಭಾನುಪ್ರಕಾಶ ಹೆದರಿದ್ದಾನೆ. ಹೋಗಬಹುದು. ಖಾಲಿ ಕುರ್ಚಿಗಳ ಮುಂದೆ ಕುಣಿಯುವುದು ಬೆನ್ನುಗಳ ಮುಂದೆ ಕುಣಿಯುವುದಕ್ಕಿಂತ ಮೇಲಲ್ಲವೇ ಎಂದು ದಿವ್ಯಾಳನ್ನೇ ಕೇಳಿದೆ. ಅವಳು “ನೀವು ಮಧ್ಯದಲ್ಲಿ ಕೂತ್ಕೊಳಿ ಅಜ್ಜಿ, ಕಾಣೋ ಥರ” ಎಂದಳು. ಕುರ್ಚಿಯನ್ನು ನಿನ್ನೆಯೇ ಮಧ್ಯಕ್ಕೆ ಹಾಕಿಸಿದ್ದೇನೆ.

ತಮ್ಮ ಸಂಸ್ಥೆ ಇನ್ನೂ ಅನೇಕ ಸಮುದ್ರಗಳನ್ನು ದಾಟಲಿ, ಅಲ್ಲಿ ಯಾರಾದರೂ ತಮ್ಮನ್ನು ಊಟ ಆಯ್ತಾ ಎಂದು ಕೇಳಲಿ ಎಂದು ಹಾರೈಸುವ

ತಮ್ಮ ವಿಶ್ವಾಸಿ,
ಭದ್ರಮ್ಮ ಚಿನ್ನಪ್ಪ
ಸಿಂಗಸಂದ್ರ

ಮರೆತ ಮಾತು: ರಂಗಪ್ರವೇಶಕ್ಕೆ ತಾವು ಕುಟುಂಬ ಸಮೇತ ಅವಶ್ಯ ಬರಬೇಕು. ನಮ್ಮ ಮನೆಯಿಂದ ಮೂರು ತಲೆಮಾರಿನಲ್ಲಿ ಯಾರಿಗೂ ಹೇಳದ ಮಾತೊಂದನ್ನು ತಮಗೆ ಮಾತ್ರ ವಿಶೇಷವಾಗಿ ಹೇಳುತ್ತಿದ್ದೇನೆ: ಊಟ ಮಾಡಿಕೊಂಡು ಬನ್ನಿ.