ಅಜ್ಞಾತ ಕವಿಯ ಸ್ವಂತ ಸಹಿ

ಜಾನಪದ ಗೀತೆಯೆಂದು ನೋಂದಣಿಯಾಗುವ ಯಾವ ಹಾಡಿಗೂ ಬರೆದವರು ಇರತಕ್ಕದ್ದಲ್ಲ. ಕಲಾ ಇಲಾಖೆಯ ಏಳನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ಜಾನಪದ-ರಾಕ್ ಗಾಯಕನಿಗೆ ಈ ನಿಯಮ ತಿಳಿದದ್ದು ವೃತ್ತಿಯ ಇಪ್ಪತ್ತಾರನೇ ವರ್ಷದಲ್ಲಿ. ಅಲ್ಲಿಯವರೆಗೆ ರಾಕ್ ಮಂದಿ ಅವನನ್ನು ಹಳ್ಳಿಗನೆಂದೂ, ಜಾನಪದದವರು ಗದ್ದಲದವನೆಂದೂ ಹೊರಗಿಟ್ಟಿದ್ದರು. ಬರೆದ ನಲವತ್ತೊಂದು ಹಾಡುಗಳಲ್ಲಿ ಜನ ಕೇಳುತ್ತಿದ್ದದ್ದು ಒಂದನ್ನೇ: 'ಕಿಟಕಿ ಮುಚ್ಚಬೇಡ'. ಮದುವೆಗೆ ಮುಂಚೆ ಹೆಂಡತಿಗೆಂದು ಬರೆದದ್ದು. ಅದು ಮುಗಿದೊಡನೆ ಸಭೆ ಎದ್ದು ಹೋಗುತ್ತಿದ್ದುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುವಷ್ಟು ಬುದ್ಧಿ ಅವನಿಗಿತ್ತು.

ಇಲಾಖೆಯ ದೊಡ್ಡ ಸಭಾಂಗಣದಲ್ಲಿ ಹಾಡಲು, ಹಾಡು ಜಾನಪದವೆಂಬ ಪ್ರಮಾಣಪತ್ರ ಬೇಕಿತ್ತು. ಗುಮಾಸ್ತರು ಅರ್ಜಿಯನ್ನು ಕನ್ನಡಕದ ಕೆಳಗಿನಿಂದ ನೋಡಿದರು.

"ಬರೆದವರು ಅನ್ನೋ ಕಡೆ ನಿಮ್ಮ ಹೆಸರಿದೆಯಲ್ಲ?"

"ನಾನೇ ಬರೆದದ್ದು ಸಾರ್."

"ಹಾಗನ್ನಬೇಡಿ. ಒಳ್ಳೇ ಹಾಡು, ನಮ್ಮಮ್ಮನೂ ಹಾಡ್ತಿದ್ರು. ಸುಮ್ನೆ ಯಾಕೆ ಕೆಡಿಸ್ತೀರಿ? 'ತಿಳಿದಿಲ್ಲ' ಅಂತ ಬರೀರಿ."

ಗಾಯಕ ಒಳಗೊಳಗೇ ಭಾರಿ ಹೋರಾಟ ನಡೆಸಿದ. ಸಭಾಂಗಣದಲ್ಲಿ ಎಂಟುನೂರು ಕುರ್ಚಿಗಳಿವೆ ಎಂಬುದು ನೆನಪಾಗಿ ಹೋರಾಟ ಮುಗಿಯಿತು. ಸಹಿ ಹಾಕಿದ.

ಮರುವಾರ ಪ್ರಕಟಣೆ ಹೊರಬಿತ್ತು: "ಸದರಿ ಗೀತೆಯು ಅನಾದಿ ಕಾಲದ್ದು. ತಾನೇ ಬರೆದೆನೆಂದು ಹೇಳಿಕೊಳ್ಳುವವರ ಮೇಲೆ ಕ್ರಮ ಜರುಗಿಸಲಾಗುವುದು. ಎರಡನೇ ಚರಣದಲ್ಲಿ ಬರುವ ಲಿಫ್ಟಿನ ಪ್ರಾಚೀನತೆಯ ಬಗ್ಗೆ ತಜ್ಞರ ಸಮಿತಿ ಅಧ್ಯಯನ ನಡೆಸುತ್ತಿದೆ."

ಅದೇ ಸಮಿತಿಯ ಮುಂದೆ ಅವನು ಹಾಡಿ ತೋರಿಸಬೇಕಾಯಿತು. ಒಂದು ಪದ ಬದಲಿಸಿದ್ದಕ್ಕೆ ಅಧ್ಯಕ್ಷರು ಗದರಿದರು.

"ಮೂಲ ಕವಿಯ ಮನಸ್ಸು ನಿಮಗೆ ಅರ್ಥವೇ ಆಗಿಲ್ಲ ಕಣ್ರೀ."

ಗಾಯಕ ತಪ್ಪೊಪ್ಪಿಕೊಂಡ. ಮೂರನೇ ದರ್ಜೆಯಲ್ಲಿ ತೇರ್ಗಡೆಯಾದ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಲೇ ಪ್ರಮಾಣಪತ್ರ ಓದಿದಳು.

"ಹಾಗಾದ್ರೆ ಇದು ನನಗೆ ಬರೆದದ್ದಲ್ವಾ?"

"ನಿನಗೇ ಕಣೇ. ಬರೆದದ್ದು ಯಾರು ಅಂತ ಮಾತ್ರ ತಿಳಿದಿಲ್ಲ."

ಅವಳು ಕಾಗದವನ್ನೂ ಅಂಗಿಯಷ್ಟೇ ನೀಟಾಗಿ ಮಡಚಿದಳು.

"ನನಗೂ ಎಷ್ಟೋ ವರ್ಷದಿಂದ ಅದೇ ಅನುಮಾನ. ಮದುವೆಗೆ ಮುಂಚೆ ನಿಮ್ಮದೇ ಮುಖ ಇಟ್ಕೊಂಡು ಲಿಫ್ಟ್ ಹತ್ರ ದಿನಾ ನನಗೆ ಕಾಯ್ತಿದ್ನಲ್ಲ, ಆ ಹುಡುಗನೇ ಇರಬೇಕು. ಆಮೇಲೆ ಎಲ್ಲಿ ಹೋದ್ನೋ, ಸಿಕ್ಕಿದ್ರೆ ಕಳ್ಸಿ."

ಕಾರ್ಯಕ್ರಮದ ಸಂಜೆ ಎಂಟುನೂರು ಕುರ್ಚಿಗಳೂ ತುಂಬಿದವು. ಗಾಯಕ ನಿಯಮದಂತೆ ಕೈಮುಗಿದು, "ಬರೆದ ಪುಣ್ಯಾತ್ಮ ಯಾರೋ, ಎಲ್ಲಿದ್ದಾನೋ, ಅವನಿಗೆ ನಮಸ್ಕಾರ" ಎಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಮೊದಲ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ.